ತೆರೆದು ನೋಡದ ಬ್ಯಾಕಪ್

ರಾಯದುರ್ಗದ ಜೀನ್ಸ್ ಯೂನಿಟ್ಟಿಗೆ ನಾನು ಸೇರಿದ್ದು ಹೊಲಿಯುವುದಕ್ಕಲ್ಲ, ಒಂದು ಗೋಡೆ ಖಾಲಿ ಮಾಡುವುದಕ್ಕೆ. ಕಟಿಂಗ್ ಹಾಲಿನ ಆ ಉದ್ದನೆಯ ಗೋಡೆಗೆ ಸಾಲಾಗಿ ಮೊಳೆ ಹೊಡೆದು, ಬಟ್ಟೆ ಕತ್ತರಿಸಲು ಅಚ್ಚಾಗುವ ರಟ್ಟಿನ ಪ್ಯಾಟರ್ನುಗಳನ್ನು ನೇತುಹಾಕಿದ್ದರು. ಪ್ಯಾಂಟಿನ ಮುಂಭಾಗ, ಹಿಂಭಾಗ, ಜೇಬು, ಸೊಂಟಪಟ್ಟಿ, ಒಂದೊಂದಕ್ಕೂ ಏಳೆಂಟು ಅಳತೆ. ಎಲ್ಲವೂ ನಮ್ಮ ಕಟಿಂಗ್ ಮಾಸ್ತರರ ಕೈಯಲ್ಲಿ ಹುಟ್ಟಿದವು. ಆ ವರ್ಷ ಗೋಡೆಗೆ ಗೆದ್ದಲು ಹತ್ತಿತು. ಪೂರ್ತಿ ತಿಂದುಹಾಕುವ ಮೊದಲು ಇವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು ಎಂದು ಯೂನಿಟ್ಟಿನ ಮಾಲೀಕರಾದ ಸಾವ್ಕಾರರು ಡಿಗ್ರಿ ಮುಗಿಸಿ ಕೂತಿದ್ದ ನನ್ನನ್ನು ಕರೆಸಿಕೊಂಡರು. ಅದೇ ಹಾಲಿನಲ್ಲಿ ಟೈಲರ್ ಆಗಿದ್ದ ನಮ್ಮ ಅಕ್ಕ ನನ್ನ ವಿಷಯ ಹೇಳಿದ್ದಳು.

ನನ್ನೂರು ಅಗಳಿಯ ಹತ್ತಿರ. ಮನೆಯಲ್ಲಿ ಹಿಪ್ಪುನೇರಳೆ, ರಾಗಿ, ಒಂದಿಷ್ಟು ಕಡಲೆಕಾಯಿ. ನಮ್ಮ ಕಡೆಯ ಹೆಂಗಸರೆಲ್ಲ ಬೆಳಗಿನ ಬಸ್ಸಿಗೆ ಹಿಂದೂಪುರಕ್ಕೋ ಬೆಂಗಳೂರಿಗೋ ಗಾರ್ಮೆಂಟ್ಸಿಗೆ ಹೊರಡುತ್ತಿದ್ದ ಕಾಲ ಅದು. ನಾನು ಎದುರು ದಿಕ್ಕಿಗೆ ಬಂದೆ. ನಾನು "ಐತೆ" ಅಂದರೆ ಹಾಲಿನವರು ನಗುತ್ತಿದ್ದರು, ಅವರು "ಐತ್ರಿ" ಅಂದರೆ ನಾನು ನಗುತ್ತಿದ್ದೆ. ತಿಂಗಳೊಳಗೆ ಇಬ್ಬರಿಗೂ ನಗು ನಿಂತುಹೋಯಿತು.

ಒಂದು ಬೇಸಿಗೆಯಿಡೀ ಮಾಸ್ತರರೂ ನಾನೂ ಒಂದೇ ಮೇಜಿನ ಮುಂದೆ ನಿಂತೆವು. ಅವರು ರಟ್ಟನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿ ಒತ್ತಿ ಹಿಡಿಯುತ್ತಿದ್ದರು. ನಾನು ಅಂಚಿನ ಗುಂಟ ಮೌಸಿನಂಥ ಸಾಧನದಿಂದ ಒಂದೊಂದೇ ಬಿಂದು ಒತ್ತಿ ಕಂಪ್ಯೂಟರಿಗೆ ತೆಗೆದುಕೊಳ್ಳುತ್ತಿದ್ದೆ. ಗೆದ್ದಲು ತಿಂದ ಮೂಲೆ ಬಂದರೆ ಅವರು ಪೆನ್ಸಿಲ್ ತೆಗೆದು, ಅಳತೆಯನ್ನೂ ನೋಡದೆ, ಕಳೆದುಹೋದ ಗೆರೆಯನ್ನು ಎಳೆದುಬಿಡುತ್ತಿದ್ದರು. ಆಮೇಲೆ ಟೇಪು ಹಿಡಿದರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರುತ್ತಿರಲಿಲ್ಲ. ಕೆಲಸ ಮುಗಿದ ದಿನ ಗೋಡೆಯ ರಟ್ಟುಗಳನ್ನೆಲ್ಲ ತಾವೇ ಇಳಿಸಿ, ಹಿಂದಿನ ಬಯಲಿಗೆ ಹೊತ್ತು ಸುಟ್ಟರು. ಗೆದ್ದಲು ಬಟ್ಟೆಗೆ ಹಬ್ಬಬಾರದಲ್ಲ.

ಮರುದಿನ ನನ್ನ ಕುರ್ಚಿಯ ಪಕ್ಕ ಬಂದು ನಿಂತರು.

"ಅಮ್ಮಾ, ನನ್ನ ಪ್ಯಾಟರ್ನ್ ಈಗ ಎಲ್ಲಿ ಅದಾವ್ರಿ?"

ನಾನು ಮೂಲೆಯಲ್ಲಿದ್ದ ಸರ್ವರ್ ತೋರಿಸಿದೆ. ಆ ಒಂದು ಡಬ್ಬಿಯೊಳಗೆ ಮೂರು ಕಂಪ್ಯೂಟರುಗಳಿದ್ದವು. ಮೂರಕ್ಕೂ ಬೇರೆ ಬೇರೆ ಮೈ ಇಲ್ಲ. ಒಂದೇ ಯಂತ್ರ ಮೂರಾಗಿ ನಡೆದುಕೊಳ್ಳುತ್ತಿತ್ತು. ವರ್ಚುವಲ್ ಮಷಿನ್ ಅನ್ನುತ್ತಾರೆ. ಒಂದರಲ್ಲಿ ಹಾಜರಿ, ಇನ್ನೊಂದರಲ್ಲಿ ಆಫೀಸಿನ ಕೆಲಸ, ಮೂರನೆಯದರಲ್ಲಿ ಪ್ಯಾಟರ್ನುಗಳು. ಇದನ್ನು ಅವರಿಗೆ ಹೇಳಿದೆ.

"ಇದು ಸುಟ್ಟರ?"

"ಬ್ಯಾಕಪ್ ಐತೆ ಮಾಸ್ತ್ರೆ. ದಿನಾ ತಾನಾಗೇ ಇನ್ನೊಂದು ಡಿಸ್ಕಿಗೆ ನಕಲಾಗ್ತದೆ. ನೋಡಿ, ಇಲ್ಲಿ ಹಸಿರು ಟಿಕ್ಕು ಬಿದ್ದೈತೆ."

ಅವರು ಟಿಕ್ಕನ್ನು ನೋಡಿದರು, ನನ್ನನ್ನು ನೋಡಿದರು. "ತೆಗೆದು ನೋಡೀರೇನ್ರಿ?"

ನೋಡಿರಲಿಲ್ಲ. ಸರ್ವರ್ ಕೂಡಿಸಿಕೊಟ್ಟ ಬಳ್ಳಾರಿಯ ಇಂಜಿನಿಯರು ದಿನಾ ಟಿಕ್ಕು ನೋಡಿಕೊಳ್ಳಿ ಅಂದಿದ್ದರು. ನಾನು ಟಿಕ್ಕನ್ನಷ್ಟೇ ನೋಡುತ್ತಿದ್ದೆ. "ನಾಳೆ ತೆಗೆದು ತೋರಿಸ್ತೀನಿ" ಅಂದೆ. ಆಗ ನನಗೆ ಯಾವ ಅನುಮಾನವೂ ಇರಲಿಲ್ಲ.

ಮರುದಿನ ಬೆಳಗ್ಗೆ ಸರ್ವರಿನ ಕಪ್ಪು ಪರದೆ ತೆರೆದು ಕಮಾಂಡ್ ಬರೆದೆ. ಇಂಥ ಬ್ಯಾಕಪ್ ಕಡತದಿಂದ, ಇಂಥ ಹೊಸ ನಂಬರಿನಲ್ಲಿ, ಇನ್ನೊಂದು ಮಷಿನ್ ಎಬ್ಬಿಸು. ಒಂದೇ ಸಾಲು. ಶೇಕಡಾ ಲೆಕ್ಕ ಓಡಿ ನೂರಕ್ಕೆ ನಿಂತಿತು. ಹೊಸ ಮಷಿನ್ ಶುರು ಮಾಡಿದೆ. ಐದು ನಿಮಿಷವೂ ಆಗಿರಲಿಲ್ಲ, ಕಟಿಂಗ್ ಹಾಲಿನಿಂದ ಕೂಗು ಬಂತು. ಪ್ಯಾಟರ್ನಿನ ಗೆರೆಗಳನ್ನು ಉದ್ದನೆಯ ಕಾಗದದ ಮೇಲೆ ಬರೆಯುವ ಪ್ಲಾಟರ್ ಅರ್ಧಕ್ಕೇ ನಿಂತಿತ್ತು.

ತಪ್ಪು ನನ್ನದೇ. ನಕಲು ಅಂದಮೇಲೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ವಿಳಾಸವೂ ನಕಲು. ಒಂದೇ ವಿಳಾಸ ಹೇಳಿಕೊಂಡು ಎರಡು ಮಷಿನ್‌ಗಳು ಎದ್ದು ಕೂತಿದ್ದವು. ಪ್ಲಾಟರಿಗೆ ಯಾವುದನ್ನು ನಂಬಬೇಕೋ ತಿಳಿಯಲಿಲ್ಲ. ಹೊಸದನ್ನು ಕೂಡಲೇ ನಿಲ್ಲಿಸಿದೆ. ಮಾಸ್ತರರು ಅರ್ಧ ಬರೆದ ಕಾಗದ ಸುತ್ತಿಕೊಂಡು ಬಂದರು.

"ಏನಾತ್ರಿ?"

"ನಾನೇ ಕೆಡಿಸಿದೆ ಮಾಸ್ತ್ರೆ. ಹೊಸದರ ನೆಟ್‌ವರ್ಕ್ ತೆಗೆದು ಎಬ್ಬಿಸಬೇಕಿತ್ತು. ಈಗ ಸರಿ ಐತೆ, ನೀವು ನಡೆಸಿ."

ಅವರು ತಲೆಯಾಡಿಸಿ ಹೋದರು. ನಾನು ನೆಟ್‌ವರ್ಕ್ ಕತ್ತರಿಸಿ ಮತ್ತೆ ಎಬ್ಬಿಸಿದೆ. ಮಷಿನ್ ಸರಿಯಾಗಿ ಎದ್ದಿತು. ಪ್ಯಾಟರ್ನ್ ತಂತ್ರಾಂಶವೂ ತೆರೆಯಿತು. ಆದರೆ ಪ್ಯಾಟರ್ನುಗಳಿರಬೇಕಾದ ಡ್ರೈವ್ ಅಲ್ಲಿರಲೇ ಇಲ್ಲ. ಒಂದು ಜೇಬಿನ ತುಂಡೂ ಇಲ್ಲ.

ಸೆಟ್ಟಿಂಗ್ಸಿನ ಸಾಲುಗಳನ್ನು ಒಂದೊಂದಾಗಿ ಓದಿದೆ. ಸರ್ವರಿನ ಒಂದೇ ಡಿಸ್ಕನ್ನು ಹಂಚಿ ಆ ಮಷಿನ್ನಿಗೆ ಎರಡು ಡಿಸ್ಕು ಮಾಡಿದ್ದರು. ಮೊದಲನೆಯದರಲ್ಲಿ ತಂತ್ರಾಂಶ, ಎರಡನೆಯದರಲ್ಲಿ ಪ್ಯಾಟರ್ನುಗಳು. ಎರಡನೆಯದರ ಮುಂದೆ, ಬ್ಯಾಕಪ್ಪಿಗೆ ಬೇಡ ಎಂದು ಬರೆದಿತ್ತು. ಇಂಜಿನಿಯರಿಗೆ ಫೋನ್ ಮಾಡಿದೆ. "ಆಗ ಬ್ಯಾಕಪ್ ಡಿಸ್ಕಿನಾಗ ಜಾಗ ಇರಲಿಲ್ರಿ, ಆಮೇಲೆ ಹಚ್ಚೋಣ ಅಂತ ಬಿಟ್ಟಿದ್ವಿ" ಅಂದರು. ಟಿಕ್ಕು ಸುಳ್ಳು ಹೇಳಿರಲಿಲ್ಲ. ತನಗೆ ಹೇಳಿದ್ದನ್ನು ಮಾಡಿ ಮುಗಿಸಿದ್ದೇನೆ ಅಂದಿತ್ತು, ಅಷ್ಟೇ.

ಎರಡನೆಯ ಡಿಸ್ಕನ್ನು ಸೇರಿಸಿ, ದೊಡ್ಡ ಬ್ಯಾಕಪ್ ಡಿಸ್ಕು ತರಿಸಿ, ಹೊಸ ನಕಲು ತೆಗೆದು, ಮತ್ತೆ ಎಬ್ಬಿಸಿ ನೋಡುವಷ್ಟರಲ್ಲಿ ಮೂರು ದಿನವಾಯಿತು. ಈ ಸಲ ಎಲ್ಲವೂ ಇತ್ತು. ಆಮೇಲೇ ಮಾಸ್ತರರಿಗೆ ಹೇಳಿದೆ, ಒಂದನ್ನೂ ಮುಚ್ಚಿಡದೆ. ರಟ್ಟು ಸುಟ್ಟ ದಿನದಿಂದ ಮೊನ್ನೆಯವರೆಗೂ ಅವರ ಕೆಲಸದ ಎರಡನೇ ಪ್ರತಿ ಎಲ್ಲಿಯೂ ಇರಲಿಲ್ಲ ಎಂದು.

ಅವರು ಸ್ಟೂಲಿನ ಮೇಲೆ ಕೂತರು. ಕತ್ತರಿಯನ್ನು ಮೇಜಿನ ಮೇಲಿಟ್ಟರು. "ಮೊದಲ ಹೇಳಿದ್ರ ನನಗ ನಿದ್ದಿ ಬರ್ತಿರಲಿಲ್ರಿ" ಅಂದರು. "ಸರಿಮಾಡಿ ಹೇಳಿದ್ರಿ, ಚಲೋ ಆತು."

ಅವರ ನಿದ್ದೆ ನಾನು ದಿನಾ ನೋಡುವ ಒಂದು ಟಿಕ್ಕಿನ ಮೇಲೆ ನಿಲ್ಲಬಾರದು ಅನ್ನಿಸಿತು. ಪುಸ್ತಕ ಓದಿ, ತಪ್ಪು ಮಾಡಿ, ತಿದ್ದಿ, ಸರ್ವರಿನ ಎಪಿಐ ಕಲಿತೆ. ಎಪಿಐ ಅಂದರೆ ಮನುಷ್ಯ ಪರದೆಯ ಮುಂದೆ ಕೂರದೆ, ಒಂದು ಪ್ರೋಗ್ರಾಮು ಸರ್ವರನ್ನೇ ನೇರವಾಗಿ ಕೇಳಿ ಉತ್ತರ ಪಡೆಯುವ ದಾರಿ. ನನ್ನ ಪ್ರೋಗ್ರಾಮು ದಿನಾ ಬೆಳಗ್ಗೆ ಕೇಳುತ್ತಿತ್ತು: ಎಷ್ಟು ಮಷಿನ್ ಇವೆ, ಯಾವುದಕ್ಕೆ ಎಷ್ಟು ಡಿಸ್ಕು, ಎಲ್ಲ ಡಿಸ್ಕೂ ನಕಲಾದವೇ? ಪ್ರತಿ ಶನಿವಾರ ಒಂದು ನಕಲನ್ನು ನೆಟ್‌ವರ್ಕ್ ಇಲ್ಲದೆ ಎಬ್ಬಿಸಿ, ಒಳಗಿನ ಪ್ಯಾಟರ್ನುಗಳನ್ನು ಎಣಿಸಿ, ಎಬ್ಬಿಸಿದ ಮಷಿನ್ನನ್ನು ಅಳಿಸಿ, ನನ್ನ ಫೋನಿಗೆ ಸಂದೇಶ ಕಳಿಸುತ್ತಿತ್ತು. ಸಂದೇಶ ಬಂದಾಗ ನಾನು ಹಾಲಿನ ಬಾಗಿಲಿಂದಲೇ ಮಾಸ್ತರರಿಗೆ ಕೈ ಎತ್ತಿ ತೋರಿಸುತ್ತಿದ್ದೆ. ಅವರು ಕತ್ತರಿ ಎತ್ತಿ ತೋರಿಸುತ್ತಿದ್ದರು.

ಮುಂದಿನ ವರ್ಷ ಸಾವ್ಕಾರರು ಮಡಕಶಿರದಲ್ಲಿ ಇನ್ನೊಂದು ಹಾಲು ತೆರೆದರು. "ನಿಮ್ಮ ಕಡೀ ಹೆಣ್ಮಕ್ಕಳು ಕಲಿತ ಕೈ. ದಿನಾ ಅಷ್ಟು ದೂರ ಬಸ್ಸಿನಾಗ ಯಾಕ ಓಡಾಡಬೇಕ್ರಿ? ನೀವ ಹೋಗಿ ಕೆಲಸ ಶುರು ಮಾಡಿಸಿ ಬರ್ರಿ" ಎಂದು ನನ್ನನ್ನು ಕಳಿಸಿದರು. ಹೊಸ ಸರ್ವರ್ ಮೊದಲೇ ಹೋಗಿತ್ತು. ಬ್ಯಾಕಪ್ಪಿನ ಇನ್ನೊಂದು ಪ್ರತಿ ಇದ್ದ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ನಾನು ಬಸ್ಸು ಹತ್ತಿದೆ. ಮಾಸ್ತರರೂ ಬಂದರು. ಕಲ್ಯಾಣದುರ್ಗದಲ್ಲಿ ಒಂದು ಬಸ್ಸು, ಪಾವಗಡದಲ್ಲಿ ಇನ್ನೊಂದು. ದಾರಿಯುದ್ದಕ್ಕೂ ಚೀಲ ನನ್ನ ತೊಡೆಯ ಮೇಲೇ ಇತ್ತು.

ಮರುದಿನ ಬೆಳಗ್ಗೆ ಹೊಸ ಹಾಲಿನಲ್ಲಿ ನಲವತ್ತು ಹೆಂಗಸರು ಹೊಲಿಗೆ ಮಷಿನ್ನುಗಳ ಮುಂದೆ ಕೂತಿದ್ದರು. ರೊಳ್ಳದವರು, ರತ್ನಗಿರಿಯವರು, ನಮ್ಮೂರಿನ ಇಬ್ಬರು. ಕತ್ತರಿಸಿದ ಬಟ್ಟೆ ಬಂದರೆ ಹೊಲಿಗೆ ಶುರು. ಬಟ್ಟೆ ಕತ್ತರಿಸಲು ಪ್ಯಾಟರ್ನ್ ಬೇಕು. ನಾನು ಕಮಾಂಡ್ ಕೊಟ್ಟೆ. ಕೆಂಪು ಸಾಲೊಂದು ಬಂದು ಕೆಲಸ ನಿಂತಿತು.

"ಏನಕ್ಕಾ, ಇವತ್ತು ಸುಮ್ನೆ ಮನೆಗೋಗದೇನಾ?" ಎಂದು ನಮ್ಮೂರಿನವಳು ನಕ್ಕಳು.

"ಕೂತ್ಕೊಳಮ್ಮಿ, ಈಗ ಆಯ್ತದೆ."

ಸುಮ್ಮನೆ ಹೇಳಿದ ಧೈರ್ಯವಲ್ಲ ಅದು. ಕೆಂಪು ಸಾಲಿನಲ್ಲೇ ಕಾರಣ ಬರೆದಿತ್ತು. ರಾಯದುರ್ಗದ ಸರ್ವರಿನಲ್ಲಿ ಡಿಸ್ಕಿನ ಜಾಗಕ್ಕೆ ಇದ್ದ ಹೆಸರು ಇಲ್ಲಿಯ ಸರ್ವರಿನಲ್ಲಿ ಇರಲಿಲ್ಲ. ಕಮಾಂಡಿನ ಕೊನೆಗೆ ಇಲ್ಲಿಯ ಹೆಸರು ಸೇರಿಸಿ ಮತ್ತೆ ಒತ್ತಿದೆ. ಟೀ ಕುಡಿದು ಬರುವಷ್ಟರಲ್ಲಿ ಮಷಿನ್ ಎದ್ದಿತ್ತು. ವಿಳಾಸ ಬದಲಿಸಿದೆ. ಪ್ಲಾಟರ್ ಕಾಗದ ಉರುಳಿಸತೊಡಗಿತು. ನಾನು ಗೆದ್ದವಳ ಹಾಗೆ ಮಾಸ್ತರರತ್ತ ತಿರುಗಿದೆ.

ಅವರು ಮಂಡಿಯೂರಿ ಟೇಪು ಹಿಡಿದಿದ್ದರು. ಒಮ್ಮೆ ಅಳೆದರು. ಮತ್ತೊಮ್ಮೆ ಅಳೆದರು.

"ಅಮ್ಮಾ, ಅರ್ಧ ಬೆರಳು ಗಿಡ್ಡ ಐತ್ರಿ."

ನಾನು ಕಂಪ್ಯೂಟರಿನಲ್ಲಿ ನೋಡಿದೆ. ಪ್ಯಾಟರ್ನ್ ಸರಿಯಾಗೇ ಇತ್ತು, ರಾಯದುರ್ಗದಲ್ಲಿದ್ದಂತೆಯೇ. ಗಿಡ್ಡವಾಗಿ ಬರೆಯುತ್ತಿದ್ದದ್ದು ಹೊಸ ಪ್ಲಾಟರ್. ಅದಕ್ಕೆ ಅಳತೆ ಇನ್ನೂ ಕೂಡಿಸಿರಲಿಲ್ಲ. ಒಂದು ಉದ್ದ ಗೆರೆ ಬರೆಸಿ, ಅವರು ಟೇಪಿನಲ್ಲಿ ಹೇಳಿದ ಅಂಕಿಯನ್ನು ನಾನು ಪ್ಲಾಟರಿಗೆ ಕೊಟ್ಟೆ. ಮೂರನೇ ಗೆರೆ ಸರಿಬಂದಾಗ ಅವರು ಎದ್ದು ನಿಂತು ಮಂಡಿ ಒರೆಸಿಕೊಂಡರು. "ಈಗ ಬಟ್ಟಿ ಹಾಸ್ರಿ" ಎಂದು ಕೂಗಿ, ತೆಲುಗಿನಲ್ಲೂ ಒಮ್ಮೆ ಹೇಳಿದರು. ಮಧ್ಯಾಹ್ನದ ಊಟಕ್ಕೆ ಮೊದಲೇ ಮೊದಲನೇ ಪ್ಯಾಂಟು ಹೊಲಿದು ಮೇಜಿನ ಮೇಲಿತ್ತು. ಪ್ಯಾಟರ್ನುಗಳನ್ನು ಎಣಿಸಿ ಎಲ್ಲ ಬಂತು ಅಂದುಕೊಳ್ಳುತ್ತಿದ್ದವಳು ನಾನು. ಬಂದದ್ದು ಕೆಲಸಕ್ಕೆ ಒದಗುತ್ತದೆಯೇ ಎಂದು ಅಳೆದು ನೋಡುವುದನ್ನು ಆ ದಿನ ಕಲಿತೆ.

ಹೊಸ ಹಾಲಿನ ಕಂಪ್ಯೂಟರು ನೋಡಿಕೊಳ್ಳಲು ನಾನು ಮಡಕಶಿರದಲ್ಲೇ ಉಳಿದೆ, ಮಾಸ್ತರರು ರಾಯದುರ್ಗಕ್ಕೆ ಮರಳಿದರು. ಒಂದು ಬೆಳಗ್ಗೆ ಅವರ ಫೋನು ಬಂತು.

"ಅಮ್ಮಾ, ಪ್ಯಾಟರ್ನ್ ಮಷಿನ್ ಮಕ್ಕೊಂಡೈತ್ರಿ. ಏಳವಲ್ದು."

ಇಲ್ಲಿಂದಲೇ ಅಲ್ಲಿಯ ಸರ್ವರಿಗೆ ಸೇರಿಕೊಂಡು ನೋಡಿದೆ. ಸರ್ವರ್ ಜೀವಂತವಿತ್ತು, ಅಲ್ಲಿಯ ಬ್ಯಾಕಪ್ ಡಿಸ್ಕೂ ಸರಿ ಇತ್ತು. ಮೂರೂ ಮಷಿನ್ನುಗಳಿದ್ದ ಡಿಸ್ಕು ಸತ್ತಿತ್ತು.

"ಹೊಸ ಡಿಸ್ಕು ಹಾಕಿಸಿ ಮಾಸ್ತ್ರೆ. ಹಾಕಿದ ಮೇಲೆ ಎರಡು ಗಂಟೆ ನನಗೆ ಕೊಡಿ."

"ಎಲ್ಲಾ ಬರ್ತಾವೇನ್ರಿ?"

"ಬರ್ತವೆ. ಮೊನ್ನೆ ಶನಿವಾರ ಎಬ್ಬಿಸಿ ನೋಡೀನಿ."

ಅಂಗಡಿಯವನು ಡಿಸ್ಕು ಕೂಡಿಸಿ ಹೋದ. ನಾನು ಮೊದಲು ಪ್ಯಾಟರ್ನಿನದು, ಆಮೇಲೆ ಹಾಜರಿಯದು, ಕೊನೆಗೆ ಆಫೀಸಿನದು, ಒಂದರ ಹಿಂದೆ ಒಂದು ಎಬ್ಬಿಸಿದೆ. ಹಿಂದಿನ ದಿನ ಮಧ್ಯಾಹ್ನದ ಮೇಲೆ ಮಾಸ್ತರರು ತಿದ್ದಿದ್ದ ಒಂದು ಜೇಬು ಮಾತ್ರ ಹೋಗಿತ್ತು, ಅದು ನಕಲಾಗುವ ಮೊದಲೇ ಡಿಸ್ಕು ನಿಂತದ್ದರಿಂದ. ಹೇಳಿದೆ. "ಅದು ಹತ್ತು ನಿಮಿಷದ ಕೆಲಸ, ಬಿಡ್ರಿ" ಅಂದು ಫೋನನ್ನು ಹಾಗೇ ಮೇಜಿನ ಮೇಲಿಟ್ಟು ಹೋದರು. ಪ್ಲಾಟರ್ ಓಡುವ ಸದ್ದು ನನಗೆ ಕೇಳುತ್ತಿತ್ತು. ಕಾಗದ ಹರಿದ ಸದ್ದು, ಆಮೇಲೆ ಏನೂ ಇಲ್ಲ. ಅಳೆಯುತ್ತಿದ್ದಾರೆ ಅಂದುಕೊಂಡೆ.

"ಸರಿ ಐತ್ರಿ" ಅಂದರು, ಫೋನ್ ಎತ್ತಿಕೊಂಡು. "ನೀವು ಊಟ ಮಾಡ್ರಿ."

ನಾನು ಕೈ ತೊಳೆದು ಹಾಲಿಗೆ ಹೋದೆ. ಹೆಂಗಸರು ಬುತ್ತಿ ಬಿಚ್ಚಿಕೊಂಡು ವೃತ್ತವಾಗಿ ಕೂತಿದ್ದರು. ಯಾರೋ ಸರಿದು ಜಾಗ ಮಾಡಿದರು, ಇನ್ಯಾರೋ ಮುದ್ದೆ ಮುರಿದು ನನ್ನ ತಟ್ಟೆಗಿಟ್ಟರು.