ಸಡಿಲ ಗಂಟು

ಕೊಡೆಯಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಚಿಕ್ಕಂದಿನಲ್ಲಿ ಬಿದಿರು ಸೀಳುವಾಗ ಕತ್ತಿ ತಾಗಿತ್ತಂತೆ, ಆಮೇಲೆ ಅದು ಕೂಡಿ ಬೆಳೆಯಲೇ ಇಲ್ಲ. ಆ ಸೀಳಿಗೆ ದಾರದ ತುದಿ ಸಿಕ್ಕಿಸಿ, ಎರಡೂ ಕೈಯಲ್ಲಿ ಕಡ್ಡಿ ಹಿಡಿಯುತ್ತಿದ್ದರು. ಕೊಡೆಗೆ ಹಚ್ಚುವ ಎಣ್ಣೆ ಇಳಿದು ಇಳಿದು ಉಗುರಿನ ಅಂಚು ಅರಸಿನ ಬಣ್ಣಕ್ಕೆ ತಿರುಗಿತ್ತು.

ಅವರು ಥಾಯ್ಲೆಂಡಿನವರು. ಅವರ ಹಳ್ಳಿಯಲ್ಲಿ ಮನೆಮನೆಯಲ್ಲೂ ಕಾಗದದ ಕೊಡೆ ಮಾಡುತ್ತಾರಂತೆ. ಒಂದು ಮನೆಯವರು ಕಡ್ಡಿ ಕೆತ್ತಿದರೆ ಇನ್ನೊಂದು ಮನೆಯವರು ಮರದ ತೊಗಟೆ ಬೇಯಿಸಿ ಜಜ್ಜಿ ಕಾಗದ ಮಾಡುವುದು. ಇವರ ಮನೆಯದು ದಾರ ಕಟ್ಟುವ ಕೆಲಸ. ಜರ್ಮನಿಯವನನ್ನು ಮದುವೆಯಾಗಿ ಕಾರ್ಲ್ಸ್‌ರುಹೆಗೆ ಬಂದರು. ಗಂಡ ಸತ್ತ ಮೇಲೂ ಇಲ್ಲೇ ಉಳಿದರು. ನಾವಿರುವ ಕಟ್ಟಡದಲ್ಲಿ ಅವರದು ಕೆಳಗಿನ ಮನೆ. ಹೆಸರು ನನ್ನ ನಾಲಗೆಗೆ ಹೊರಳಲಿಲ್ಲ, ಕೊಡೆಯಮ್ಮ ಅಂದೆ. ಅವರೂ ಓ ಅಂದರು.

ನಾನು ಉಡುಪಿ ಕಡೆಯವಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು. ಮಗಳು ಇಲ್ಲಿ ನರ್ಸ್. ಮೊಮ್ಮಗಳನ್ನು ನೋಡಿಕೊಳ್ಳಲು ಬಂದು ಇಲ್ಲೇ ಆದೆ. ಮೊಮ್ಮಗಳು ಶಾಲೆಗೆ ಹೋದ ಮೇಲೆ ನನ್ನ ಕೈಗೆ ಕೆಲಸವಿಲ್ಲ. ಖಾಲಿ ಕೂತರೆ ಹೆಬ್ಬೆರಳು ತನ್ನಷ್ಟಕ್ಕೇ ತೋರುಬೆರಳನ್ನು ಉಜ್ಜುತ್ತಿತ್ತು, ಬೀಡಿ ಎಲೆ ಸುರುಳಿ ಮಾಡುವ ಹಾಗೆ.

ಒಮ್ಮೆ ಬಟ್ಟೆ ಒಗೆಯಲು ಕೆಲ್ಲರಿಗೆ ಇಳಿದೆ. ಇಲ್ಲಿ ನೆಲಮಾಳಿಗೆಗೆ ಹಾಗೆನ್ನುತ್ತಾರೆ. ಇಡೀ ಕೋಣೆ ಎಣ್ಣೆ ವಾಸನೆ. ಮೂಲೆಯಲ್ಲಿ ಈ ಹೆಂಗಸು ಕೂತು ಕಡ್ಡಿಯ ತೂತಿಗೆ ದಾರ ಹಾಕಲು ನೋಡುತ್ತಿದ್ದಾರೆ. ಕೈ ನಡುಗುತ್ತದೆ, ದಾರ ಆಚೀಚೆ ಹೋಗುತ್ತದೆ. ನೋಡಲಾಗಲಿಲ್ಲ ನನಗೆ. ಬಟ್ಟೆ ಬುಟ್ಟಿ ಕೆಳಗಿಟ್ಟು, ಕೊಡಿ ಇಲ್ಲಿ ಅಂತ ಕನ್ನಡದಲ್ಲೇ ಹೇಳಿ ಕಸಿದುಕೊಂಡು ಕಟ್ಟಿಬಿಟ್ಟೆ. ಅವರು ಗಂಟನ್ನು ಎಳೆದು ನೋಡಿದರು. ಎಲ್ಲಿ ಕಲಿತೆ ಅಂತ ಕೇಳಿದರು. ಬೀಡಿ ಸೇದುವ ಹಾಗೆ ಮಾಡಿ ತೋರಿಸಿದೆ. ಕೆಮ್ಮು ಬರುವವರೆಗೆ ನಕ್ಕರು. ಮರುದಿನ ಕಡ್ಡಿಯ ಕಟ್ಟು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

ಮಗಳಿಗೆ ಇದು ಸರಿಬರಲಿಲ್ಲ. "ಊರಲ್ಲಿ ಕಟ್ಟಿದ್ದು ಸಾಕಾಗ್ಲಿಲ್ವಾ ಅಮ್ಮ ನಿಮ್ಗೆ? ಇಲ್ಲಿಗೆ ಬಂದೂ ಎಂತಕ್ಕೆ ಮಾರಾಯ್ತಿ?" ಅಂದಳು. ಆದರೂ ನಾನು ದಿನಾ ಕೆಳಗೆ ಹೋದೆ.

ನಮ್ಮಿಬ್ಬರ ನಡುವೆ ಇದ್ದದ್ದು ಒಡಕು ಜರ್ಮನ್, ಉಳಿದದ್ದು ಕೈಸನ್ನೆ. "ಅಜ್ಜಿ, ನಿಮ್ಮಿಬ್ರ ಡಾಯ್ಚ್ ಕೇಳಿದ್ರೆ ನಮ್ಮ ಟೀಚರ್ ಅಳ್ತಾರೆ," ಅಂತ ಮೊಮ್ಮಗಳು ನಗುತ್ತಿದ್ದಳು. ಕೆಲಸಕ್ಕೆ ಅದು ಧಾರಾಳ ಸಾಕಿತ್ತು. ಕಾಗದ, ಕಡ್ಡಿ ಅವರ ಊರಿಂದ ಬರುತ್ತಿತ್ತು. ಇಲ್ಲಿಯವರ ತೋಟದ ಬಿದಿರನ್ನು ಅವರು ಕೋಳಿಕಾಲು ಅಂತ ಹಳಿಯುತ್ತಿದ್ದರು. ಉದ್ದ ಕಡ್ಡಿಗೆ ಗಿಡ್ಡ ಕಡ್ಡಿ ಸೇರುವಲ್ಲೆಲ್ಲ ನಾನು ದಾರ ಕಟ್ಟುವುದು, ಮೇಲೆ ಅವರು ಕಾಗದ ಅಂಟಿಸುವುದು. ಹೊಸ ಕೊಡೆಯನ್ನು ಒಂದೇ ಸಲ ಪೂರ್ತಿ ಬಿಡಿಸುತ್ತಿರಲಿಲ್ಲ. ಸ್ವಲ್ಪ ಬಿಡಿಸಿ, ಕಿವಿ ಹತ್ತಿರ ಹಿಡಿದು ಎಲ್ಲಾದರೂ ಕಿರುಗುಟ್ಟುತ್ತದೋ ಅಂತ ಕೇಳಿ, ಮುಚ್ಚಿಡುವರು. ನಾಳೆ ಇನ್ನು ಸ್ವಲ್ಪ. "ಕಾಗದವನ್ನು ಜನ ನೋಡ್ತಾರೆ, ದಾರವನ್ನು ಗಾಳಿ ನೋಡ್ತದೆ," ಅನ್ನುವರು. ನನಗೆ ಆ ಮಾತು ಹಿಡಿಸಿತು. ಊರಲ್ಲಿ ಬೀಡಿ ಒಪ್ಪಿಸುವ ಬ್ರಾಂಚಿನಲ್ಲೂ ಸಡಿಲ ಕಟ್ಟಿದ ಬೀಡಿಯನ್ನು ಮುಖದೆದುರೇ ಬದಿಗೆಸೆಯುತ್ತಿದ್ದರು. ಸಡಿಲವಾದದ್ದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಅವರಿಗೆ ಒಬ್ಬಳೇ ಮಗಳು. ಇಂಗೋಲ್‌ಸ್ಟಾಟ್‌ನಲ್ಲಿ ಕೆಲಸ, ಭಾನುವಾರ ಟ್ರೈನಿನಲ್ಲಿ ಬರುವಳು. ಅವಳಿಗೆ ತಾಯಿಯ ಭಾಷೆ ಬಾರದು. ಬಂದರೆ ಕೋಟು ಸಹ ತೆಗೆಯದೆ ಕಿಟಕಿ ಹತ್ತಿರ ನಿಲ್ಲುವಳು. ಸಣ್ಣದಿರುವಾಗ ಅವಳಿಗೂ ದಾರ ಕಟ್ಟಲು ಕಲಿಸಿದ್ದರಂತೆ. ನಿನ್ನ ಕೈ ಸಡಿಲ ಅಂತ ಬೈದು, ಅವಳು ಕಟ್ಟಿದ್ದನ್ನೆಲ್ಲ ಅವಳೆದುರೇ ಬಿಚ್ಚುತ್ತಿದ್ದರಂತೆ. ಒಂದು ದಿನ ದಾರ ಬಿಸಾಡಿ ಎದ್ದವಳು ಮತ್ತೆ ಮುಟ್ಟಲಿಲ್ಲ. ಇದನ್ನೆಲ್ಲ ಕೊಡೆಯಮ್ಮನೇ ನನಗೆ ಹೇಳಿದ್ದು.

ಆ ಚಳಿಗಾಲ ಅವರು ಹಾಸಿಗೆ ಹಿಡಿದರು. ಅಷ್ಟರಲ್ಲಿ ಒಂದು ಕೊಡೆ ಶುರುವಾಗಿತ್ತು, ಮಗಳಿಗೆ ಅಂತ. ಇದೇ ಕೊನೆಯದ್ದು ಅಂತ ಅವರಿಗೂ ಗೊತ್ತಿತ್ತು, ನನಗೂ. ಒಂದು ಭಾನುವಾರ ನಾನು ಹಾಸಿಗೆಯ ಪಕ್ಕ ಕೂತು ದಾರ ಕಟ್ಟುತ್ತಿದ್ದೆ. ಅವರ ಮಗಳು ಕಿಟಕಿಯ ಬಳಿಯಿಂದ ಬಂದು ಕೋಟು ತೆಗೆದು ನೆಲದ ಮೇಲೆ ಕೂತಳು, ಕೈ ಚಾಚಿದಳು. ನಾನು ಕೊಟ್ಟೆ. ತುಟಿ ಕಚ್ಚಿಕೊಂಡು ಒಂದು ಗಂಟು ಹಾಕಿದಳು. ಒಂದೇ ಒಂದು. ಕೊಡೆಯಮ್ಮ ಈ ಸಲ ಬೈಯಲಿಲ್ಲ, ಕಣ್ಣು ಮಾತ್ರ ಅವಳ ಬೆರಳಿನ ಮೇಲಿತ್ತು. ಆಮೇಲೆ ಅವಳು ಟ್ರೈನಿಗೆ ಹೋದಳು, ಇವರಿಗೆ ಜೊಂಪು ಹತ್ತಿತು.

ಕೆಲಸ ಎತ್ತಿಡುವ ಮೊದಲು ಗಂಟುಗಳನ್ನೆಲ್ಲ ಉಗುರಿನಲ್ಲಿ ಮೀಟಿ ನೋಡುವುದು ನನ್ನ ಅಭ್ಯಾಸ. ಒಂದು ಸಡಿಲ ಸಿಕ್ಕಿತು. ಬಿಚ್ಚಿದೆ, ಬಿಗಿದೆ, ಎತ್ತಿಟ್ಟೆ. ಯೋಚನೆ ಮಾಡಿ ಮಾಡಿದ್ದಲ್ಲ. ಕೈ ಮಾಡಿತು.

ಎಚ್ಚರವಾದ ಕೂಡಲೇ ಅವರು ಕೊಡೆ ಕೇಳಿದರು. ಒಂದೊಂದೇ ಕಡ್ಡಿಯ ಮೇಲೆ ಬೆರಳಾಡಿಸಿದರು. ಕೊನೆಯ ಕಡ್ಡಿಗೆ ಬಂದು, ಮತ್ತೆ ಮೊದಲಿನಿಂದ ಶುರು ಮಾಡಿದರು.

"ಅವಳದು ಯಾವುದು?"

ಆಗ ನನಗೆ ಹೊಳೆಯಿತು. "ಸಡಿಲ ಇತ್ತು. ನಾನು ಗಟ್ಟಿ ಮಾಡಿದೆ," ಅಂದೆ.

ಕೊಡೆಯನ್ನು ಎದೆಯ ಮೇಲಿಟ್ಟುಕೊಂಡರು. "ಇದು ಮಳೆಗೆ ಹಿಡಿಯುವ ಕೊಡೆ ಅಲ್ಲವಲ್ಲ," ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನಾನೂ ಹೀಗೇ ಬಿಚ್ಚುತ್ತಿದ್ದೆ," ಅಂತ ಸೇರಿಸಿದರು ಬೇರೆ.

ಮೊದಲಿನ ಹಾಗೆ ಸಡಿಲ ಕಟ್ಟಿಕೊಡುತ್ತೇನೆ ಅಂದೆ. ಅವರೆದುರೇ ಬಿಚ್ಚಿ ಕಟ್ಟಿದೆ. ಗಟ್ಟಿಯೇ ಆಯಿತು. ಪುನಃ ಕಟ್ಟಿದೆ, ಪುನಃ ಗಟ್ಟಿ. ನನ್ನ ಕೈಗೆ ಸಡಿಲ ಕಟ್ಟಲು ಬರುವುದೇ ಇಲ್ಲ. ಅವರಿಗೆ ನಗು ಬಂತು. "ಬಿಡು, ನಿನ್ನಿಂದಾಗುವುದಿಲ್ಲ," ಅಂದರು. ನನಗೆ ನಗು ಬರಲಿಲ್ಲ.

ಮುಂದಿನ ಭಾನುವಾರ ಮಗಳು ಬಂದವಳೇ ತನ್ನ ಗಂಟು ಎಲ್ಲಿ ಅಂತ ಹುಡುಕಿದಳು. ಅವಳ ಕೈಗೆ ದಾರ ಕೊಟ್ಟು ಇನ್ನೊಂದು ಹಾಕಮ್ಮ ಅನ್ನಬಹುದಿತ್ತು. ಹಾಗಂದರೆ ಮೊದಲನೆಯದು ಏನಾಯಿತು ಅಂತ ಹೇಳಬೇಕಿತ್ತು. ನಾನು ಬಾಯಿ ತೆಗೆಯುವುದರೊಳಗೆ ಕೊಡೆಯಮ್ಮ ಒಂದು ಕಡ್ಡಿ ತೋರಿಸಿ, "ಇದು. ಯಾರೂ ಮುಟ್ಟಲಿಲ್ಲ," ಅಂದರು. ಸೀಳು ಉಗುರಿನಲ್ಲಿ ಅದನ್ನು ಒಮ್ಮೆ ಮೀಟಿಯೂ ತೋರಿಸಿದರು. ನಾನು ತಲೆ ತಗ್ಗಿಸಿ ದಾರ ಕತ್ತರಿಸುತ್ತಾ ಕೂತೆ. ನನ್ನ ತಪ್ಪಿಗೆ ಅವರು ಸುಳ್ಳು ಹೇಳಬೇಕಾಯಿತು, ಅದೂ ಸಾಯುವ ಕಾಲಕ್ಕೆ.

ಕಾಗದ ಅಂಟಿಸಿದ್ದು ನಾನು, ಅವರು ಹಾಸಿಗೆಯಿಂದ ಹೇಳಿದ ಹಾಗೆ. ಎಣ್ಣೆ ಒಣಗುವ ಮೊದಲೇ ಅವರು ಹೋದರು. ಆ ಕೊಡೆಯನ್ನು ಕಿವಿ ಹತ್ತಿರ ಹಿಡಿದು ಕೇಳಿದವರಿಲ್ಲ.

ಮನೆ ಖಾಲಿ ಮಾಡಲು ಬಂದ ಮಗಳು ನನ್ನನ್ನು ಕೆಳಗೆ ಕರೆದಳು. ಖಾಲಿ ಕೋಣೆಯಲ್ಲಿ ಕೊಡೆ ಬಿಡಿಸಿ ಹಿಡಿದು ನಿಂತಿದ್ದಳು. ನನ್ನನ್ನೂ ಅದರ ಅಡಿಗೆ ಎಳೆದಳು. ಕೆಂಪು ಕಾಗದದ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ನನ್ನ ಬೆರಳು ಹಿಡಿದು ಆ ಗಂಟಿನ ಮೇಲಿಟ್ಟಳು.

"ಅಮ್ಮ ಯಾವಾಗಲೂ ನನ್ನ ಕೈ ಸಡಿಲ ಅಂತಿದ್ದಳು," ಅಂದಳು. "ನೋಡಿ, ಎಷ್ಟು ಗಟ್ಟಿ ಉಂಟು."

ನಾನು ಉಗುರಿನಲ್ಲಿ ಮೀಟಿ ನೋಡಿದೆ. ಯಾವ ಬ್ರಾಂಚಿನವನೂ ಎಸೆಯಲಾರದ ಗಂಟು.

"ಹೌದು, ಗಟ್ಟಿ ಉಂಟು," ಅಂದೆ.