ಹೊಳೆಪ್ಪ ಕಾಕಾ ಒಪ್ಪಿಕೊಂಡ ತಪ್ಪು

ಘೋಡಗೇರಿಯ ಹೊಳೆಪ್ಪ ಕಾಕಾ ಕಂಡವರ ಕಬ್ಬಿಗೆ ನೀರು ಹಾಯಿಸಿ ಬದುಕಿದವರು. ಅರವತ್ತರ ಹತ್ತಿರದ ವಯಸ್ಸು, ಮೆತ್ತಗಿನ ದನಿ. ಆ ಊರಲ್ಲಿ ಜಗಳವಾದರೆ ಹಿರಿಯರು ಬಸವಣ್ಣನ ಗುಡಿ ಕಟ್ಟೆಯ ಮೇಲೆ ಕೂಡುತ್ತಾರೆ. ತಪ್ಪು ಯಾರದೇ ಇರಲಿ, ಸಣ್ಣವನು ದೊಡ್ಡವನ ಕಾಲು ಮುಟ್ಟಿ "ನಂದ ತಪ್ಪಾತ್ರಿ" ಅನ್ನಬೇಕು, ದೊಡ್ಡವನು ಎಲೆ-ಅಡಿಕೆ ಕೊಡಬೇಕು, ಅಲ್ಲಿಗೆ ಮುಗಿಯಿತು. ಕಾಕಾ ತಮ್ಮದಲ್ಲದ ತಪ್ಪಿಗೂ ಹೀಗೆ ಎಷ್ಟು ಸಲ ಬಾಗಿದ್ದಾರೋ. ಆ ಪದ್ಧತಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಒಂದು ಮಧ್ಯಾಹ್ನ ಕಾಲುವೆ ನೀರಿನ ಸರದಿಗಾಗಿ ಹೊಲದಲ್ಲಿ ಗದ್ದಲವಾಯಿತು. ಯಾರೋ ಹಿಂದಿನಿಂದ ಸಲಿಕೆಯ ಕಾವಿನಿಂದ ಬಡಿದರು. ಎಪ್ಪತ್ತು ದಾಟಿದ ಭೀಮರಾಯರ ಕೈ ಮುರಿಯಿತು. ಬಿಡಿಸಲು ಹೋಗಿದ್ದ ಕಾಕಾ, ಕೆಳಗೆ ಬಿದ್ದ ಸಲಿಕೆಯನ್ನು ಎತ್ತಿ ಪಕ್ಕಕ್ಕಿಡಲು ಹೋದರು. ಸಲಿಕೆ ಯಾರ ಕೈಯಲ್ಲಿ ಕಂಡಿತೋ ಅವರ ಮೇಲೆ ಕೇಸಾಯಿತು.

ವಕೀಲರನ್ನು ಇಡುವ ಶಕ್ತಿ ಇಲ್ಲದವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಹಾಗೆ ಕೇಸು ನನ್ನ ಕೈಗೆ ಬಂತು. ನಾನು ದಾಕ್ಷಾಯಿಣಿ, ವಕೀಲೆ. ಕಾಕಾ ಅವರ ಹೆಂಡತಿ ಅಲ್ಲವ್ವ ಮೊದಲ ದಿನವೇ ನನ್ನ ಕೈ ಹಿಡಿದುಕೊಂಡರು.

"ಊರ ಮಂದಿ ಏನರ ಅನ್ಲಿ ಯವ್ವಾ. ಇವ್ರು ಹೊಡದಿಲ್ಲ ಅಂತ ಕೋರ್ಟಿನ್ಯಾಗ ಆತಂದ್ರ ಸಾಕ. ಅದೊಂದ ಮಾತ ನಾ ಕೇಳಬೇಕು."

ಕಾಕಾ ಅವರಿಗೆ ನಾನು ಹತ್ತು ಸಲ ತಿಳಿಸಿ ಹೇಳಿದೆ. "ನೀವು ಹೊಡದೀರಿ ಅಂತ ಸಾಬೀತು ಮಾಡೋದು ಸರಕಾರದ ಕೆಲಸ ಕಾಕಾ. ನೀವು ಏನೂ ಸಾಬೀತು ಮಾಡಬೇಕಾಗಿಲ್ಲ. ಜಡ್ಜ್ ಸಾಹೇಬ್ರು ಆರೋಪ ಓದಿ ಕೇಳ್ತಾರ. ನಾ ಮಾಡಿಲ್ಲ ಅನ್ರಿ. ಮುಂದಿಂದು ನನಗ ಬಿಡ್ರಿ."

"ಹೂನ್ರಿ ಅಕ್ಕಾರ," ಅಂದರು.

ಆರೋಪ ಓದುವ ದಿನ ನಾನು ಇನ್ನೊಂದು ಕೇಸಿಗಾಗಿ ಗೋಕಾಕದಲ್ಲಿ ಸಿಕ್ಕಿಕೊಂಡೆ. ಬರೋತನಕ ತಡೀರಿ ಎಂದು ಯಾರಿಗಾದರೂ ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಮಾಡಲಿಲ್ಲ. ನನ್ನ ಬುದ್ಧಿಗೆ ಬೆಂಕಿ ಹಾಕ. ಇತ್ತ ಕೋರ್ಟಿನಲ್ಲಿ ಹೆಸರು ಕೂಗಿದರು, ಆರೋಪ ಓದಿದರು, ಒಪ್ಪುತ್ತೀರಾ ಎಂದು ಕೇಳಿದರು. ಎದುರಿನ ಬೆಂಚಿನ ಮೇಲೆ ಭೀಮರಾಯರು ಸೊಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಿರಿಯರು, ನೊಂದವರು. ಕಾಕಾ ಭೀಮರಾಯರತ್ತ ನೋಡಿ ಕೈಮುಗಿದು, "ಹೂನ್ರಿ, ನಂದ ತಪ್ಪಾತ್ರಿ" ಅಂದುಬಿಟ್ಟರು. ಅದನ್ನು ಬರೆದುಕೊಂಡರು. ಆರು ತಿಂಗಳ ಸಜೆಯಾಯಿತು.

ನಾನು ಓಡಿ ಬರುವಷ್ಟರಲ್ಲಿ ಪೊಲೀಸರು ಅವರನ್ನು ವ್ಯಾನಿಗೆ ಹತ್ತಿಸುತ್ತಿದ್ದರು.

"ಏನ ಮಾಡಕೊಂಡ್ರಿ ಕಾಕಾ ಇದನ್ನ?"

"ಹಿರ್ಯಾರ ಮನಸಿಗಿ ಸಮಾಧಾನ ಆಗ್ಲಿ ಅಂತ ಅಂದ್ನಿರಿ ಅಕ್ಕಾರ. ಅಂದ ಮ್ಯಾಲ ಮನಿಗಿ ಕಳಸ್ತಾರಂತ ತಿಳದಿದ್ನಿ."

ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ತಾನಾಗಿ ತಪ್ಪು ಒಪ್ಪಿಕೊಂಡವನಿಗೆ ಸಾಮಾನ್ಯವಾಗಿ ಮೇಲ್ಮನವಿಯ ದಾರಿ ಇಲ್ಲ. ಶಿಕ್ಷೆ ಹೆಚ್ಚಾಯಿತು ಎನ್ನಬಹುದು ಅಷ್ಟೇ. ವಕೀಲರಿಲ್ಲದೆ, ಅರ್ಥವಾಗದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ಮೇಲಿನ ಕೋರ್ಟಿಗೆ ಬೇರೆ ಅರ್ಜಿ ಹಾಕಿ ಗುದ್ದಾಡಿದೆ. ಜಾಮೀನಿಗೇ ಎರಡು ತಿಂಗಳು ಹಿಡಿಯಿತು.

ಅಲ್ಲವ್ವ ಮಾತ್ರ ಒಮ್ಮೆಯೂ ಜೈಲಿನ ಕಡೆ ಹೋಗಲಿಲ್ಲ. ನಾನೇ ಮನೆಗೆ ಹೋಗಿ ಕೇಳಿದೆ.

"ಕಟ್ಟಿ ಮ್ಯಾಲ ಅಂದಿದ್ರ ಬ್ಯಾರೆ ಮಾತ ಯವ್ವಾ. ಜಡ್ಜ್ ಸಾಹೇಬ್ರ ಮುಂದ ಮಾಡಲಾರದ್ದ ಮಾಡೇನಿ ಅಂತ ಯಾರ ಅಂತಾರ? ಖರೇನ ಹೊಡದಿರಬೇಕ," ಅಂದರು.

ಎಷ್ಟು ಹೇಳಿದರೂ ಗೋಡೆ ಕಡೆ ಮುಖ ಮಾಡಿ ಕೂತರು. ಅದಾದ ಇಪ್ಪತ್ತು ದಿನಕ್ಕೆ ಜ್ವರ ಬಂದು ತೀರಿಕೊಂಡರು. ಕಾಕಾ ಇನ್ನೂ ಒಳಗಿದ್ದರು, ಮಣ್ಣಿಗೂ ಬರಲಾಗಲಿಲ್ಲ.

ಕೊನೆಗೆ ಆ ಒಪ್ಪಿಗೆ ರದ್ದಾಗಿ ಕೇಸು ಮೊದಲಿನಿಂದ ನಡೆಯಿತು. ಈ ಸಲ ನಾನು ಪಕ್ಕದಲ್ಲೇ ನಿಂತಿದ್ದೆ. "ನಾ ಹೊಡದಿಲ್ರಿ," ಅಂದರು ಕಾಕಾ. ಮುಂದೆ ಪಾಟೀಸವಾಲಿನಲ್ಲಿ ನಾನು ಕೇಳಿದಾಗ, ಹೊಡೆದವರ ಮುಖ ತಾವು ನೋಡಿಲ್ಲ ಎಂದು ಭೀಮರಾಯರೇ ಹೇಳಿದರು. ಮತ್ತೆ ಯಾವ ಸಾಕ್ಷಿಯೂ ನಿಲ್ಲಲಿಲ್ಲ. ಬಿಡುಗಡೆಯಾಯಿತು.

ಕಾಕಾ ನಗಲಿಲ್ಲ. "ಆ ಕಾಗದ ತಗೊಂಡ ನಮ್ಮೂರಿಗಿ ಬರ್ತೀರೇನ್ರಿ?" ಎಂದು ಕೇಳಿದರು.

ಊರ ಹೊರಗಿನ ರುದ್ರಭೂಮಿಗೆ ಕರೆದುಕೊಂಡು ಹೋದರು. ಅಲ್ಲವ್ವನ ಮಣ್ಣಿನ ಮೇಲೆ ಹುಲ್ಲು ಬೆಳೆದಿತ್ತು. ಅಲ್ಲಿ ನಿಂತು ಓದಿದೆ: ಆರೋಪಿಯು ನಿರ್ದೋಷಿಯೆಂದು ತೀರ್ಮಾನಿಸಿ ಬಿಡುಗಡೆ ಮಾಡಲಾಗಿದೆ. ಓದುತ್ತ ನನ್ನ ದನಿ ಇಳಿಯಿತು.

"ಇನ್ನೊಂದೀಟ ಜೋರಾಗಿ ಓದ್ರಿ ಅಕ್ಕಾರ," ಅಂದರು ಕಾಕಾ. "ಆಕಿಗಿ ಕಿವಿ ಮಂದ ಅದಾವು."