ಮೊದಲ ಗುಟುಕು

ಕಿಮೋ ಎಂದರೆ ಹೋಗಿ ಕೈಚಾಚಿ ಮಲಗುವುದಷ್ಟೇ ಎಂದು ನಾವು ತಿಳಿದಿದ್ದೆವು. ಹಾಗಲ್ಲ, ಅದಕ್ಕೆ ಮೊದಲು ಯೋಗ್ಯರಾಗಬೇಕು. ಸಾಂಗಲಿಯಿಂದ ಮಿರಜಿನ ಆಸ್ಪತ್ರೆಗೆ ಹೋದ ಕೂಡಲೇ ರಕ್ತ ತೆಗೆಯುತ್ತಾರೆ. ಬಿಳಿ ಕಣ ಕಡಿಮೆ ಇದ್ದರೆ "ಮುಂದಿನ ವಾರ ಬರ್ರಿ" ಎಂದು ವಾಪಸು ಕಳಿಸುತ್ತಾರೆ. ನಮ್ಮವರ ಮೂರನೆಯ ಸರದಿ ಹೀಗೆಯೇ ಹಿಂದೆ ಬಿತ್ತು. ನಡುವೆ ಜ್ವರವೂ ಬಂದು ಹೋಯಿತು. ಇನ್ನೊಮ್ಮೆ ತಡವಾದರೆ ಇಲ್ಲಿಯವರೆಗೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ ಎಂದು ಡಾಕ್ಟರು ಕನ್ನಡದಲ್ಲಿ ಹೇಳಿದರು, ನನಗೆ ತಿಳಿಯಲಿಲ್ಲವೇನೋ ಎಂದು ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದರು. ಗುಂಪು ಬೇಡ, ಹಸಿ ಹಣ್ಣು ಬೇಡ, ಯಾರ ಎಂಜಲೂ ಬೇಡ.

ಅಂದಿನಿಂದ ನನ್ನ ಒಲೆಯ ಮೇಲೆ ಅಡುಗೆಗಿಂತ ಹೆಚ್ಚಾಗಿ ಚಮಚ, ಲೋಟ, ತಾಟುಗಳೇ ಕುದಿಯತೊಡಗಿದವು. ಅಷ್ಟು ಕುದಿಸಿ ಬಡಿಸಿದರೆ ನಮ್ಮವರ ನಾಲಿಗೆಗೆ ಎಲ್ಲವೂ ಕಬ್ಬಿಣದ ರುಚಿ.

"ಈ ಸಾರಿನ್ಯಾಗ ಕೀಲಿಕೈ ಹಾಕೀಯೇನ?"

"ಹೂಂ, ಕಪಾಟಿಂದು. ಜೋಪಾನಾಗಿ ನುಂಗ್ರಿ."

ಅದು ದ್ರಾಕ್ಷಿಯ ಸುಗ್ಗಿ. ನಮ್ಮ ಸಭೆಯವರು, ಎಂದರೆ ಚರ್ಚಿನ ಮಂದಿ, ನೋಡಲು ಬರುವಾಗ ಒಬ್ಬೊಬ್ಬರೂ ಒಂದೊಂದು ಚೀಲ ದ್ರಾಕ್ಷಿ ತರುತ್ತಿದ್ದರು. ರೋಗಿ ತಿನ್ನುವಂತಿಲ್ಲ. ಕೆಡಿಸಬಾರದೆಂದು ಮಗಳು ತಿಂದೂ ತಿಂದೂ ನೆಗಡಿ ಹಿಡಿಸಿಕೊಂಡಳು. ಅವಳನ್ನು ಹಿಂದಿನ ಕೋಣೆಗೆ ಹಾಕಿ ಅವಳ ಲೋಟವನ್ನೂ ಕುದಿಸಿದೆ.

ಸಭೆಯ ಹೆಂಗಸರಲ್ಲಿ ಎಲ್ಲರಿಗೂ ಹಿರಿಯರಾದವರೊಬ್ಬರಿದ್ದಾರೆ. ಅಥಣಿ ಕಡೆಯಿಂದ ಮದುವೆಯಾಗಿ ಬಂದವರು, ನಮಗೆಲ್ಲ ಮಾವಶಿ, ತಾಯಿಯ ತಂಗಿಯ ಸಮಾನ. ತಿಂಗಳ ಮೊದಲ ಭಾನುವಾರ ಎಲ್ಲರೂ ರೊಟ್ಟಿ ಮುರಿದು ರಸ ಗುಟುಕರಿಸುವ ಕರ್ತನ ಭೋಜನಕ್ಕೆ ಬೇಕಾಗುವ ದ್ರಾಕ್ಷಾರಸ ಅನೇಕ ವರ್ಷಗಳಿಂದ ನಮ್ಮ ಮನೆಯಲ್ಲೇ ಆಗುತ್ತಿತ್ತು. ಕರಿ ಮನುಕಗಳನ್ನು, ಎಂದರೆ ಒಣದ್ರಾಕ್ಷಿಯನ್ನು, ನೆನೆಸಿ, ಕುದಿಸಿ, ಹಿಂಡಿ, ತೆಳು ಮಲ್ಲು ಬಟ್ಟೆಯಲ್ಲಿ ಸೋಸುತ್ತಿದ್ದೆ. ರೋಗದ ಸುದ್ದಿ ತಿಳಿದ ವಾರವೇ ಮಾವಶಿ ಬಾಗಿಲಲ್ಲಿ ನಿಂತು ಹೇಳಿದರು: "ಬಾಯಿ, ನೀ ಆರಾಮ ಮಾಡು. ರಸಾ ಇನ್ನ ಮುಂದ ನಮ್ಮ ಮನ್ಯಾಗ ಮಾಡ್ತೇನಿ."

ಆರಾಮ ಯಾರಿಗೆಂದು ನನಗೆ ತಿಳಿಯಿತು. ನಾನು ಅವರು ಹೊರಗಿನಿಂದ ತರುವ ಸೋಂಕಿಗೆ ಹೆದರಿದ್ದೆ, ಅವರು ರಸ ಕುದಿಸುವ ನನ್ನ ಪಾತೇಲಿಗೆ ಹೆದರಿದ್ದರು. ಹೊಸ್ತಿಲ ಆಚೆ ಈಚೆ ನಿಂತು ಒಬ್ಬರಿಗೊಬ್ಬರು "ದೇವರು ಆಶೀರ್ವದಿಸಲಿ" ಎಂದುಕೊಂಡೆವು.

ಇಷ್ಟರ ಮೇಲೆ ಬಟ್ಟಲಿನ ಪ್ರಶ್ನೆ ಬಂತು. ಕೊರೊನಾ ಕಾಲದಲ್ಲಿ ಭೋಜನಕ್ಕೆಂದು ಬೆರಳುದ್ದದ ಪ್ಲಾಸ್ಟಿಕ್ ಕಪ್ಪುಗಳನ್ನು ತಂದಿದ್ದರು, ಒಬ್ಬರಿಗೊಂದು. ಆ ರೋಗ ಸರಿದ ಮೇಲೆ ಸಭೆಯ ಮೀಟಿಂಗಿನಲ್ಲಿ ನಮ್ಮವರು ಎದ್ದು ನಿಂತು, "ಕರ್ತ ಶಿಷ್ಯರಿಗೆ ಹನ್ನೆರಡು ಕಪ್ಪು ಹಂಚಿದ್ನೇನು? ಒಂದ ಬಟ್ಟಲ!" ಎಂದು ಭಾಷಣ ಮಾಡಿದರು. ಮಾವಶಿ ಬಿಡಲಿಲ್ಲ. "ಗಂಡಸರೆಲ್ಲಾ ಮೀಸಿ ಅದ್ದಿ ಬಿಟ್ಟಿದ್ದು ನಾವು ಕುಡೀಬೇಕೇನ?" ಎಂದು ಕೇಳಿದರು. ಮೀಸೆಯವರೇ ಹೆಚ್ಚಿದ್ದರು, ಒಂದೇ ಬಟ್ಟಲು ಗೆದ್ದಿತು. ಗೆಲ್ಲಿಸಿದ ನಮ್ಮವರಿಗೇ ಈಗ ಯಾರ ಎಂಜಲೂ ಆಗದು.

ಸೋಮವಾರ ಮಿರಜಿನಲ್ಲಿ ರಕ್ತ ಕೊಡುವುದಿತ್ತು, ಅದರ ಹಿಂದಿನ ದಿನವೇ ಮೊದಲ ಭಾನುವಾರ. ನಮ್ಮವರು ಬೆಳಿಗ್ಗೆಯೇ ಇಸ್ತ್ರಿಯ ಅಂಗಿ ತೊಟ್ಟು ಕೂತರು. ಅಂಗಿಯೊಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗ. ಗುಂಪಿಗೆ ಬೇಡವೆಂದು ಕೈಮುಗಿದು ಕೇಳಿಕೊಂಡೆ. ಕೊನೆಗೆ ಸಭಾಪಾಲಕರೇ, ಎಂದರೆ ನಮ್ಮ ಪಾಸ್ಟರೇ, ಆರಾಧನೆ ಮುಗಿಸಿ ಬಟ್ಟಲು ಹಿಡಿದು ಮನೆಗೆ ಬರುವುದೆಂದು ಒಪ್ಪಂದವಾಯಿತು.

ಬಂದರು. ಜೊತೆಗೆ ಮಾವಶಿ, ಮತ್ತು ಗೇಟಿನಿಂದಲೇ ಕೆಮ್ಮುತ್ತ ಬಂದ ಸಭೆಯ ಹಿರಿಯರೊಬ್ಬರು. ರೋಗಿಯ ಮನೆಯಲ್ಲಿ ಪಾಲಕರು ಮೊದಲು ಕುಡಿಯುವುದು, ಬಟ್ಟಲು ಎಲ್ಲರ ಕೈದಾಟಿ ರೋಗಿಗೆ ಕೊನೆಗೆ ಬರುವುದು ನಮ್ಮಲ್ಲಿಯ ರೂಢಿ. ಆ ಕೆಮ್ಮು ನಮ್ಮವರಿಗಿಂತ ಮುಂಚೆ ಬಟ್ಟಲಿಗಿಳಿಯುವುದನ್ನು ನೆನೆಸಿಕೊಂಡು ನಾನು ಒಲೆಯ ಮೇಲೆ ನೀರಿಟ್ಟು ಬಂದೆ.

ಮಾವಶಿ ಪರ್ಸಿನಿಂದ ಕರವಸ್ತ್ರದ ಗಂಟು ತೆಗೆದರು. ಒಳಗೆ ಕೊರೊನಾ ಕಾಲದ ಒಂದು ಪ್ಲಾಸ್ಟಿಕ್ ಕಪ್ಪು. ಅದನ್ನು ನಮ್ಮವರ ಮುಂದೆ ಹಿಡಿದರು.

"ದಾದಾ, ನೀವು ಇದರಾಗ ತೊಗೋರಿ. ನಾ ಆವತ್ತ ಹೇಳಿದ್ನಿಲ್ಲೋ?"

ಕಪ್ಪನ್ನಷ್ಟೇ ಕೊಟ್ಟಿದ್ದರೆ ತೆಗೆದುಕೊಳ್ಳುತ್ತಿದ್ದರೇನೋ. ಆ 'ಆವತ್ತ' ಕೆಲಸ ಕೆಡಿಸಿತು.

"ಮಾವಶಿ, ಅದು ಔಷಧದ ಕಪ್ಪು."

"ಔಷಧ ಅಂತನ ತಿಳೀರಿ."

"ಔಷಧ ನಾಳಿಗಿ ಐತಿ, ಮಿರಜಿನ್ಯಾಗ. ಇವತ್ತ ಒಂದ ಬಟ್ಟಲ."

ಹಿಂದಿನ ಕೋಣೆಯ ಬಾಗಿಲಿನಿಂದ ಮಗಳು "ಬಾಬಾ, ಹಟ್ಟ ಕರೂ ನಕಾ!" ಎಂದು ಕೂಗಿದಳು. ಹಟ ಮಾಡಬೇಡಿ ಎಂದರೆ ಹಟ ಬಿಡುವ ಗಂಡಸು ನನ್ನ ಪಾಲಿಗೆ ಬಂದಿರಲಿಲ್ಲ. ಅವರಿಗೆ ಅಡ್ಡ ನಿಂತರೆ ಗೋಡೆಯಾಗುತ್ತಾರೆ, ಜೊತೆಗೆ ನಿಂತರೆ ಸ್ವಲ್ಪ ಸರಿಯುತ್ತಾರೆ.

"ಪಾಸ್ಟರ್, ಇವರು ಅನ್ನೂದು ಖರೇ. ಒಂದ ಬಟ್ಟಲ ಇರಲಿ," ಎಂದೆ. ನಮ್ಮವರು ಎದೆ ಸೆಟೆಸಿದರು. "ಆದ್ರ ಬಟ್ಟಲಾ ನಾ ಒಂದೀಟು ಕುದಿಯೂ ನೀರಾಗ ಹಾಕಿ ತರ್ತೇನಿ. ಮೊದಲನೇ ಗುಟುಕು ಇವರಿಗೆ ಕೊಡ್ರಿ. ಉಳಿದವರೆಲ್ಲಾ ಇವರ ಹಿಂದ."

ಹಿರಿಯರ ಕೆಮ್ಮು ತಾನಾಗಿ ನಿಂತಿತು. ಹರೆಯದ ಪಾಲಕರು ಕೈಯಲ್ಲಿದ್ದ ಪುಸ್ತಕವನ್ನೊಮ್ಮೆ ನೋಡಿದರು. ಇಂಥದ್ದಕ್ಕೆ ಅದರಲ್ಲಿ ವಚನವಿರಲಿಲ್ಲವೆಂದು ಕಾಣುತ್ತದೆ, "ಆಗಲಿ" ಎಂದರು.

ಬಟ್ಟಲು ಕುದಿಯುತ್ತಿದ್ದಾಗ ಮಾವಶಿ ಅಡುಗೆಮನೆಗೆ ಬಂದು ದನಿ ತಗ್ಗಿಸಿದರು.

"ಬಾಯಿ, ಇವರ ಹಿಂದ ಕುಡದವರಿಗಿ... ಏನೂ ಆಗೂದಿಲ್ಲಲಾ?"

"ಅದು ಹತ್ತೂ ರೋಗ ಅಲ್ರಿ ಮಾವಶಿ. ಹತ್ತೂದಿದ್ರ ಮೊದಲ ನನಗ ಹತ್ತಬೇಕಿತ್ತು."

"ಗೊತ್ತೈತಿ, ಗೊತ್ತೈತಿ. ಸುಮ್ಮ ಕೇಳಿದೆ."

ಪಾಲಕರು ಪ್ರಾರ್ಥಿಸಿ ರೊಟ್ಟಿ ಮುರಿದು ಕೊಟ್ಟರು. ಬಟ್ಟಲಿನ ಅಂಚು ಇನ್ನೂ ಬಿಸಿಯಿತ್ತು. ನಮ್ಮವರು ತುಟಿ ಸುಡಿಸಿಕೊಂಡೇ ಮೊದಲ ಗುಟುಕು ಕುಡಿದರು. ಆಮೇಲೆ ನಾನು, ನನ್ನ ಹಿಂದೆ ಪಾಲಕರು. ಮಗಳು ತನ್ನ ನೆಗಡಿ ಬೇಡವೆಂದು ತಾನೇ ಹಿಂದುಳಿದಳು. ಬಟ್ಟಲು ಹಿರಿಯರ ಮುಂದೆ ಬಂತು.

"ನನಗ ಶುಗರ್ ಜಾಸ್ತಿ ಆಗೇತ್ರಿ ಪಾಸ್ಟರ್. ರೊಟ್ಟಿ ಅಷ್ಟ ಸಾಕು," ಎಂದರು ಅವರು.

ಮಾವಶಿ ತಿರುಗಿ ನಿಂತರು. "ಯಾಕ್ರಿ? ಮೀಟಿಂಗಿನ್ಯಾಗ ಒಂದ ಬಟ್ಟಲಕ್ಕ ಎಲ್ಲಾರಕಿಂತ ಮೊದಲ ಕೈ ಎತ್ತಿದವರು ನೀವ ಅಲ್ಲೇನು? ಆವಾಗ ಶುಗರ್ ಎಲ್ಲಿ ಹೋಗಿತ್ತು?"

ಹೀಗೆ ಅಂದುಬಿಟ್ಟ ಮೇಲೆ ಮಾವಶಿಗೂ ಹಿಂದೆ ಸರಿಯಲು ದಾರಿ ಉಳಿಯಲಿಲ್ಲ. ಪಾಲಕರು ಬಿಳಿ ವಸ್ತ್ರದಿಂದ ಅಂಚು ಒರೆಸಿದರು. ಮಾವಶಿ ಬಟ್ಟಲು ಇಸಿದುಕೊಂಡರು, ಕಣ್ಣು ಮುಚ್ಚಿದರು, ಒಂದು ಗುಟುಕಿನ ಜಾಗದಲ್ಲಿ ಎರಡು ಕುಡಿದರು. ಕಣ್ಣು ತೆರೆದಾಗ ತಾವು ಇನ್ನೂ ನಮ್ಮ ಪಡಸಾಲೆಯಲ್ಲೇ ಇರುವುದನ್ನು ಕಂಡು ಅವರಿಗೇ ಆಶ್ಚರ್ಯವಾದಂತಿತ್ತು. ಹಿರಿಯರು ಕೊನೆಯದನ್ನು ಕುಡಿದು ಬಟ್ಟಲೊಳಗೇ ಮನಸಾರೆ ಕೆಮ್ಮಿದರು. ಕೆಮ್ಮಲಿ ಎಂದುಕೊಂಡೆ.

ಹೋಗುವಾಗ ಮಾವಶಿ ಹೊಸ್ತಿಲಲ್ಲಿ ನನ್ನ ಕೈ ಹಿಡಿದುಕೊಂಡರು. "ಈ ಸಲ ರಸಾ ಭಾಳ ಸಿಹಿ ಆತೇನ ಬಾಯಿ?" ಎಂದು ಕೇಳಿದರು. ಆಗಿತ್ತು. ಇಲ್ಲವೆಂದೆ.

ಸೋಮವಾರ ಮಿರಜಿನಲ್ಲಿ ರಕ್ತ ಕೊಟ್ಟು ಬೆಂಚಿನ ಮೇಲೆ ಕೂತೆವು. ನಮ್ಮವರು ಸರದಿಯ ಚೀಟಿಯನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ಓದಿದೆ. ಆಮೇಲೆ ನರ್ಸಮ್ಮ ಬಂದು, "ಕಣ ಚಲೋ ಅದಾವ್ರಿ ಕಾಕಾ, ಒಳಗ ನಡೀರಿ," ಎಂದಳು. ಡಾಕ್ಟರು ಅದು ಕಣ ಹೆಚ್ಚಲೆಂದು ಹಿಂದಿನ ವಾರ ಹೊಟ್ಟೆಗೆ ಕೊಟ್ಟ ಇಂಜೆಕ್ಷನ್ನಿನ ಗುಣವೆಂದರು. ಮಾವಶಿ ಫೋನಿನಲ್ಲಿ ತಮ್ಮ ಉಪವಾಸದ ಗುಣವೆಂದರು. ನಮ್ಮವರು ಒಂದೇ ಬಟ್ಟಲಿನ ಮಹಿಮೆಯೆಂದು ನರ್ಸಮ್ಮನಿಗೆ ವಿವರಿಸಲು ಹೊರಟಾಗ ಅವಳು ಸೂಜಿ ಚುಚ್ಚಿದಳು.

ನಳಿಗೆಯಲ್ಲಿ ಕೆಂಪು ಔಷಧ ಇಳಿಯತೊಡಗಿತು. ಕೂದಲು ಉದುರಿಸುವ, ಊಟ ಬಿಡಿಸುವ ಅದೇ ಔಷಧ. ಮೊದಲ ಹನಿಗಳು ಕೈ ಸೇರಿದ್ದನ್ನು ನೋಡಿ ನಾನು "ದೇವರಿಗೆ ಸ್ತೋತ್ರ" ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಪಕ್ಕದ ಹಾಸಿಗೆಯ ಬಳಿ ಕೂತಿದ್ದ ರಾಯಬಾಗ ಕಡೆಯ ಹೆಣ್ಣುಮಗಳು, ಈಕೆಗೆ ಗಂಡನ ಮೇಲೆ ಯಾವ ಜನ್ಮದ ಸಿಟ್ಟೋ ಎಂಬಂತೆ ನನ್ನನ್ನು ನೋಡಿದಳು. ಅವಳ ಗಂಡನಿಗೆ ಅದು ಮೊದಲ ಸರದಿ, "ಮುಂದಿನ ವಾರ ಬರ್ರಿ" ಎಂಬ ಮಾತನ್ನು ಅವಳು ಇನ್ನೂ ಕೇಳಿರಲಿಲ್ಲ.